ದೋಣಿಯ ತೂತು ಮತ್ತು ಮರದ ಬೆಣೆ



1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೌಸ್ ಬಂದರಿನಿಂದ 303 ಹಾಯಿದೋಣಿಗಳು ಪಂದ್ಯಕ್ಕೆ ಹೊರಟವು. ಐರ್ಲೆಂಡಿನ ಬಳಿಯಿರುವ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಮರಳಬೇಕಿತ್ತು. ದಾರಿಯಲ್ಲಿ ಬಿರುಗಾಳಿ ಎರಗಿತು. 15 ಮಂದಿ ಸ್ಪರ್ಧಿಗಳು ಪ್ರಾಣ ಕಳೆದುಕೊಂಡರು. 24 ದೋಣಿಗಳನ್ನು ಅದರಲ್ಲಿದ್ದವರು ಬಿಟ್ಟುಬಿಟ್ಟರು. ಅವುಗಳಲ್ಲಿ ಮುಳುಗಿದ್ದು ಐದು ಮಾತ್ರ. ಉಳಿದವು ತೇಲುತ್ತಲೇ ಇದ್ದವು!

ದೋಣಿಗೆ ನೀರು ನುಗ್ಗುವುದು ಅಲೆಗಳಿಂದ ಮಾತ್ರವಲ್ಲ. ಇಂಜಿನಿಗೆ ತಂಪು ನೀರು ಬರಲು, ಶೌಚಾಲಯದ ನೀರು ಹೋಗಲು ಅದರ ತಳದಲ್ಲಿ ತೂತುಗಳಿರುತ್ತವೆ. ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗಿನ ಒಂದೂವರೆ ಇಂಚಿನ ತೂತಿನಿಂದ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳಬರುತ್ತದೆ.

ಆದುದರಿಂದ ಅನುಭವಿ ನಾವಿಕನು ದಡದಲ್ಲಿರುವಾಗಲೇ ಪ್ರತಿ ತೂತಿನ ವಾಲ್ವನ್ನು ತಿರುಗಿಸಿ ನೋಡುತ್ತಾನೆ. ಅದರ ಪಕ್ಕದಲ್ಲೇ ಮೆದು ಮರದ ಬೆಣೆಯೊಂದನ್ನು ದಾರದಿಂದ ಕಟ್ಟಿಡುತ್ತಾನೆ. ಹೊಡೆದು ಕೂರಿಸಿದರೆ ಅದು ನೀರು ಕುಡಿದು ಉಬ್ಬಿ ತೂತನ್ನು ಬಿಗಿಯುತ್ತದೆ. ಒಳಗೊಂದು, ಹೊರಗೊಂದು ಕೈಪಂಪು, ಜೊತೆಗೆ ಗಟ್ಟಿ ಬಕೆಟ್ ಇಡುತ್ತಾನೆ. ಆಹಾರದ ಡಬ್ಬಿಗಳ ಕಾಗದದ ಚೀಟಿಗಳನ್ನೂ ಕಿತ್ತೆಸೆಯುತ್ತಾನೆ. ಏಕೆಂದರೆ ನೆನೆದ ಒಂದು ಚೀಟಿ ಸಾಕು, ಪಂಪು ಕಟ್ಟಿಕೊಳ್ಳಲು. ಯಾವ ಬೆಣೆ ಎಲ್ಲಿದೆಯೆಂದು ದೋಣಿಯಲ್ಲಿರುವ ಪ್ರತಿಯೊಬ್ಬನಿಗೂ ಕತ್ತಲಲ್ಲೂ ತಿಳಿದಿರಬೇಕು.

ಇದು ತವಕ್ಕುಲ್‌ಗೆ ವಿರುದ್ಧವೇ? ಖಂಡಿತ ಅಲ್ಲ. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಳವನ್ನು ಕೊರೆಯಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ನಾಶವಾಗುವರು, ತಡೆದರೆ ಎಲ್ಲರೂ ಪಾರಾಗುವರು ಎಂಬ ಉಪಮೆಯನ್ನೂ ಅವರು ನೀಡಿದ್ದಾರೆ.

ನಮ್ಮ ಮನೆಯೂ ಒಂದು ದೋಣಿಯೇ ಅಲ್ಲವೇ? ಮಗಳ ಮದುವೆಯ ಆಡಂಬರಕ್ಕೆಂದು ತಂದ ಬಡ್ಡಿಯ ಸಾಲ, ಮಕ್ಕಳೆದುರು ಆಡಿದ ಸುಳ್ಳು, ತಪ್ಪಿಹೋದ ನಮಾಝ್ ಇವೆಲ್ಲ ತಳದ ತೂತುಗಳು. ನಾಲಿಗೆಯಲ್ಲಿ ಇಸ್ತಿಗ್‌ಫಾರ್ ಹೇಳುತ್ತಾ ಪಾಪವನ್ನು ಮುಂದುವರಿಸುವವನು ತೂತು ಮುಚ್ಚದೆ ಪಂಪು ಹೊಡೆಯುವವನಂತೆ. ಪಂಪು ಸಮಯ ಕೊಡುತ್ತದೆ. ಬೆಣೆ ದೋಣಿಯನ್ನು ಉಳಿಸುತ್ತದೆ. ಪಾಪವನ್ನು ತೊರೆಯುವುದೇ ಆ ಬೆಣೆ.

ಈಗಾಗಲೇ ಮನೆಯೊಳಗೆ ನೀರು ತುಂಬಿದ್ದರೂ ನಿರಾಶರಾಗದಿರಿ. ಜನರು ಆಸೆ ಬಿಟ್ಟ ಆ ಹತ್ತೊಂಬತ್ತು ದೋಣಿಗಳು ತೇಲುತ್ತಲೇ ಇದ್ದವು. ಅಲ್ಲಾಹನ ಕರುಣೆಯ ಬಾಗಿಲು ತೆರೆದಿದೆ. ಇಂದು ರಾತ್ರಿ ಮನೆಯವರೊಂದಿಗೆ ಕುಳಿತು ಕೇಳಿರಿ: ನಮ್ಮ ದೋಣಿಯಲ್ಲಿ ತೂತು ಎಲ್ಲಿದೆ?