ಆ ಉಳಿದ ದುಡ್ಡು ಎಲ್ಲಿದೆ?

ಕಳೆದ ದೀಪಾವಳಿಗೆ ಅಮ್ಮ ಊರಿಂದ ಬಂದಿದ್ದಳು. ಹಬ್ಬದ ಸಾಮಾನನ್ನು ಫೋನಿನಲ್ಲೇ ತರಿಸಿದೆ. ಎಣ್ಣೆ, ಬೆಲ್ಲ, ಕಡಲೆಬೇಳೆ, ಗೋಡಂಬಿ. ಪಟ್ಟಿ ಮುಗಿಯುವ ಹೊತ್ತಿಗೆ ಇನ್ನು 120 ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ ಎಂದು ಪರದೆಯ ಮೇಲೆ ಬಂತು. ಪಟ್ಟಿಯಲ್ಲಿಲ್ಲದ ಎರಡು ಪೊಟ್ಟಣ ಬಿಸ್ಕತ್ತು, ಒಂದು ಸೋಪು ಸೇರಿಸಿದೆ. ಹಣ ಕಟ್ಟಿದ ಮೇಲೆ ಹಸಿರು ಅಕ್ಷರದಲ್ಲಿ ಇನ್ನೊಂದು ಸಾಲು ಮೂಡಿತು: ಈ ಆರ್ಡರಿನಲ್ಲಿ ನೀವು 480 ರೂಪಾಯಿ ಉಳಿಸಿದ್ದೀರಿ. ಅಮ್ಮನಿಗೆ ಅದನ್ನು ಓದಿ ಹೇಳಿದೆ. ಹೂಬತ್ತಿ ಹೊಸೆಯುತ್ತಿದ್ದ ಕೈಯನ್ನು ನಿಲ್ಲಿಸದೆ ಅವಳು ಕೇಳಿದಳು, "ಒಳ್ಳೇದಾಯ್ತು ಕಣಪ್ಪ. ಆ ಉಳಿದ ದುಡ್ಡು ಎಲ್ಲಿಟ್ಟಿದೀಯ?"

ಅವಳು ಕೊಂಕಾಡಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಳು. ಅವಳ ಬದುಕಿನಲ್ಲಿ ಉಳಿದ ದುಡ್ಡಿಗೆ ಒಂದು ಜಾಗ ಇರುತ್ತಿತ್ತು. ಸಾಸಿವೆ ಡಬ್ಬಿ, ಬೀರುವಿನಲ್ಲಿ ಸೀರೆಯ ಮಡಿಕೆ, ದೇವರ ಗೂಡಿನ ಹುಂಡಿ, ಪಿಗ್ಮಿ ಕಾರ್ಡು. ಕೈಯಿಟ್ಟರೆ ಸಿಗಬೇಕು, ಎಣಿಸಿದರೆ ಲೆಕ್ಕಕ್ಕೆ ಬರಬೇಕು. ಖರ್ಚಾಗದೆ ಉಳಿದದ್ದು ಮಾತ್ರ ಉಳಿತಾಯ. ನನ್ನ 480 ರೂಪಾಯಿ ಯಾವ ಡಬ್ಬಿಯಲ್ಲೂ ಇರಲಿಲ್ಲ. ಖಾತೆಯಿಂದ ಹೋದದ್ದಂತೂ ನಿಜವಾದ ದುಡ್ಡು, ಅದರಲ್ಲಿ ಬೇಡದ ಬಿಸ್ಕತ್ತಿನ ದುಡ್ಡೂ ಸೇರಿತ್ತು. ಬೆಲೆಯಲ್ಲಿ ಕಡಿಮೆಯಾದದ್ದನ್ನು ಉಳಿದದ್ದು ಎಂದು ಕರೆಯಲು ನಾವು ಯಾವಾಗ ಒಪ್ಪಿಕೊಂಡೆವು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ನನ್ನ ಬಾಲ್ಯದಲ್ಲಿ ಸಂಜೆ ಐದೂವರೆಗೆ ನಮ್ಮ ಬೀದಿಯಲ್ಲಿ ಒಂದು ಸೈಕಲ್ ಬೆಲ್ ಕೇಳುತ್ತಿತ್ತು. ಪಿಗ್ಮಿಯವರು. ಅಪ್ಪ ಮೇಷ್ಟ್ರು, ಸಂಬಳ ತಿಂಗಳ ಕೊನೆಯ ವಾರಕ್ಕೆ ಮುಟ್ಟುತ್ತಿರಲಿಲ್ಲ. ಆದರೂ ಅಮ್ಮ ದಿನಕ್ಕೆ ಎರಡು ರೂಪಾಯಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವರು ಚರ್ಮದ ಚೀಲ ತೆರೆದು, ಕಾರ್ಡಿನಲ್ಲಿ ಬರೆದು, ಸಹಿ ಹಾಕಿ ಮುಂದಿನ ಮನೆಗೆ ಹೋಗುತ್ತಿದ್ದರು. ದುಡ್ಡಿಲ್ಲದ ದಿನ ಅಮ್ಮ ಒಳಗೇ ಉಳಿಯುತ್ತಿದ್ದಳು. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ಅವಳಿಗೆ ಸಂಕೋಚ. ಆ ಸಂಕೋಚಕ್ಕೇ ಮರುದಿನ ನಾಲ್ಕು ರೂಪಾಯಿ ಕೊಡುತ್ತಿದ್ದಳು. ನಮ್ಮ ಮನೆಗೆ ಹೊಲಿಗೆ ಯಂತ್ರ ಬಂದದ್ದು ಆ ಕಾರ್ಡಿನಿಂದ. ಅದರ ಮೇಲೆ ಅವಳು ಹೊಲಿದ ರವಿಕೆಗಳ ದುಡ್ಡಿನಲ್ಲಿ ನಾನು ಕಾಲೇಜು ಓದಿದೆ.

ಪಿಗ್ಮಿ ನಮ್ಮ ಕರಾವಳಿ ದೇಶಕ್ಕೆ ಕೊಟ್ಟ ಕೊಡುಗೆ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಆ ಬ್ಯಾಂಕು 1928ರಲ್ಲಿ ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸತೊಡಗಿತು. ಬಡವರಿಗೆ ಉಳಿಸುವ ಮನಸ್ಸಿಲ್ಲ ಎಂದು ಆ ಜನ ಹೇಳಲಿಲ್ಲ. ಬ್ಯಾಂಕಿಗೆ ಹೋಗುವ ದಾರಿ ದೂರ, ಎರಡಾಣೆ ಹಿಡಿದು ಕೌಂಟರಿನ ಮುಂದೆ ನಿಲ್ಲಲು ನಾಚಿಕೆ ಎಂಬುದನ್ನು ಅರ್ಥ ಮಾಡಿಕೊಂಡು ಬ್ಯಾಂಕನ್ನೇ ಬಾಗಿಲಿಗೆ ತಂದರು. ನಾನು ಓದಿದ ಹಣಕಾಸಿನ ಎಷ್ಟೋ ದೊಡ್ಡ ಮಾತುಗಳಿಗಿಂತ ಇದರಲ್ಲಿ ಹೆಚ್ಚು ತಿಳಿವಳಿಕೆಯಿದೆ.

ಈಗಲೂ ನಮ್ಮ ಬಾಗಿಲಿಗೆ ದಿನವೂ ಯಾರೋ ಬರುತ್ತಿದ್ದಾರೆ. ಫೋನಿನಲ್ಲಿ ಹತ್ತು ಸಲ ಗಂಟೆ ಬಾರಿಸುತ್ತಾರೆ. ಎರಡೇ ಉಳಿದಿವೆ, ಹದಿನೈದು ನಿಮಿಷದಲ್ಲಿ ಆಫರ್ ಮುಗಿಯುತ್ತದೆ, ನಿಮಗಾಗಿಯೇ ಐವತ್ತು ಸಾವಿರದ ಸಾಲ ಮಂಜೂರಾಗಿದೆ. ಸೈಕಲ್ಲಿನ ಮನುಷ್ಯ ನಮ್ಮ ದುಡ್ಡನ್ನು ತೆಗೆದುಕೊಂಡು ಹೋಗುತ್ತಿದ್ದುದು ನಮಗಾಗಿ ಇಡಲು. ಇವರು ಬರುವುದು ಖಾಲಿ ಮಾಡಲು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾ ಮಾಡುವುದನ್ನು ಸುಲಭವಾಗಿಸಿ ಬಿಡುವುದನ್ನು ಕಷ್ಟವಾಗಿಸುವುದು, ಬೇಡ ಎಂದವರಿಗೆ ನಾಚಿಕೆಯಾಗುವಂತೆ ಮಾಡುವುದು: ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಬಡ್ಡಿಯಿಲ್ಲದ ಕಂತು ಎಂಬ ಮಾತಿನ ಬಗ್ಗೆಯೂ ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಆ ಬಡ್ಡಿ ವಸ್ತುವಿನ ಬೆಲೆಯಲ್ಲೋ ಶುಲ್ಕದಲ್ಲೋ ಸೇರಿಕೊಂಡಿರುತ್ತದೆ. ಕಾನೂನು ಇದ್ದರೂ ಗಂಟೆ ಬಾರಿಸುವುದು ನಿಂತಿಲ್ಲ.

ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಒಂದು ಕಲಿಕೆಯ ಆ್ಯಪಿಗೆ ತಿಂಗಳಿಗೆ 299 ರೂಪಾಯಿಯ ಆಟೋಪೇ ಮಾಡಿಕೊಟ್ಟಿದ್ದೆ. ಪರೀಕ್ಷೆ ಮುಗಿಯಿತು, ಅವಳು ಪಿಯುಸಿಗೂ ಸೇರಿದಳು. ಅಮ್ಮ ಆ ಪ್ರಶ್ನೆ ಕೇಳಿದ ರಾತ್ರಿ ಯುಪಿಐ ಆ್ಯಪಿನ ಒಳಗೆ ಹೋಗಿ ಆಟೋಪೇ ಎಂಬ ಪುಟವನ್ನು ಮೊದಲ ಸಲ ತೆರೆದೆ. 24 ತಿಂಗಳು ಕಡಿತವಾಗಿತ್ತು, ಒಟ್ಟು 7,176 ರೂಪಾಯಿ. ದುಡ್ಡು ಕಡಿಯುವ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಲೇಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಸಂದೇಶಗಳೂ ಬಂದಿದ್ದವು. ಜಾಹೀರಾತಿನ ರಾಶಿಯಲ್ಲಿ ನಾನು ಒಂದನ್ನೂ ಓದಿರಲಿಲ್ಲ. ರದ್ದು ಮಾಡಲು ಅರ್ಧ ನಿಮಿಷ ಸಾಕಾಯಿತು. ಅಮ್ಮ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದವಳು, ಹಾಲು ಬಾರದ ದಿನಕ್ಕೆ ಸೊನ್ನೆ ಹಾಕುತ್ತಿದ್ದವಳು. ಬಾರದ ಹಾಲಿಗೆ ಅವಳು ಒಂದು ದಿನವೂ ದುಡ್ಡು ಕೊಟ್ಟವಳಲ್ಲ.

ಹಾಗಾದರೆ ಅಂತರ್ಜಾಲದಿಂದ ದುಡ್ಡು ಉಳಿಯುವುದಿಲ್ಲವೇ? ಉಳಿಯುತ್ತದೆ. ಆದರೆ ರಿಯಾಯಿತಿ ಕೂಗುವ ಪುಟಗಳಲ್ಲಿ ಉಳಿಯುವುದು ಕಡಿಮೆ, ಯಾರೂ ಜಾಹೀರಾತು ಕೊಡದ ಪುಟಗಳಲ್ಲಿ ಹೆಚ್ಚು. ಪಹಣಿಗೆ ಹಿಂದೆ ರೈತ ಒಂದು ದಿನದ ಕೆಲಸ ಬಿಟ್ಟು, ಬಸ್ ಚಾರ್ಜು ಕೊಟ್ಟು ಹೋಗಬೇಕಿತ್ತು, ಹೋದ ದಿನ ಶಾನುಭೋಗರು ಸಿಗಬೇಕಿತ್ತು. ಭೂಮಿ ಯೋಜನೆ ಬಂದು ದಾಖಲೆ ಗಣಕಕ್ಕೆ ಏರಿ, ಮುಂದೆ ಅಂತರ್ಜಾಲದಲ್ಲೂ ಸಿಗತೊಡಗಿದ ಮೇಲೆ ಆ ದಿನದ ಕೂಲಿ ರೈತನ ಬಳಿಯೇ ಉಳಿಯಿತು. ಅಮ್ಮನ ಬಿಪಿ ಮಾತ್ರೆಯ ಮೂಲ ಔಷಧದ ಹೆಸರನ್ನು ಜನೌಷಧಿ ಸುಗಮ್ ಆ್ಯಪಿನಲ್ಲಿ ಹಾಕಿ ನೋಡಿ, ಡಾಕ್ಟರ ಒಪ್ಪಿಗೆ ಪಡೆದು, ಹತ್ತಿರದ ಜನೌಷಧಿ ಕೇಂದ್ರದಿಂದ ತರುತ್ತಿದ್ದೇನೆ. ತಿಂಗಳ ಔಷಧದ ಖರ್ಚು ಅರ್ಧಕ್ಕಿಂತ ಕೆಳಗಿಳಿದಿದೆ. ಈ ದುಡ್ಡು ಎಲ್ಲಿದೆ ಎಂದು ಕೇಳಿದರೆ ತೋರಿಸಬಲ್ಲೆ.

ಮ್ಯೂಚುವಲ್ ಫಂಡಿನಲ್ಲಿ ಹಾಕುವವರು ಒಂದು ಲೆಕ್ಕವನ್ನು ಮಾಡಿಯೇ ನೋಡಬೇಕು. ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದ ಇದೆ. ಆ ಕಮಿಷನ್ ವರ್ಷಕ್ಕೆ ಶೇಕಡಾ ಒಂದು ಎಂದಿಟ್ಟುಕೊಳ್ಳೋಣ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಹಾಕಿದರೆ ವರ್ಷಕ್ಕೆ ಶೇ. 12ರ ಲೆಕ್ಕದಲ್ಲಿ ಸುಮಾರು 50 ಲಕ್ಷವಾಗುತ್ತದೆ, ಶೇ. 11ರ ಲೆಕ್ಕದಲ್ಲಿ ಸುಮಾರು 43.7 ಲಕ್ಷ. ಮಾರುಕಟ್ಟೆ ಇಷ್ಟೇ ಕೊಡುತ್ತದೆ ಎಂದು ಯಾರೂ ಮಾತು ಕೊಡಲಾರರು, ಇದು ವ್ಯತ್ಯಾಸ ಕಾಣಲೆಂದು ಮಾಡಿದ ಲೆಕ್ಕ. ಆದರೂ ಶೇಕಡಾ ಒಂದು ಎಂದು ಕಿರಿದಾಗಿ ಕಾಣುವುದು ಆರು ಲಕ್ಷ ದಾಟುತ್ತದೆ. ಪಕ್ಕದಲ್ಲಿ ಕೂತು, ಮಾರುಕಟ್ಟೆ ಕುಸಿದಾಗ ಧೈರ್ಯ ಹೇಳುವ ಸಲಹೆಗಾರರಿದ್ದರೆ ಆ ದುಡ್ಡು ಅವರಿಗೆ ಸಲ್ಲಲಿ. ಏನು ಕೊಡುತ್ತಿದ್ದೇವೆ ಎಂದು ತಿಳಿದು ಕೊಡೋಣ.

ಉಳಿಸುವ ಮಾತು ಬಂದಾಗ ನಾವು ಹೆಚ್ಚಾಗಿ ನಮ್ಮ ಮನೆಯನ್ನಷ್ಟೇ ನೋಡುತ್ತೇವೆ. ನಮ್ಮ ಕಟ್ಟಡದಲ್ಲಿ ರಾತ್ರಿ ಪಾಳಿ ಕಾಯುವ ಅಣ್ಣ ಒಬ್ಬರಿದ್ದಾರೆ, ಕೊಪ್ಪಳದ ಕಡೆಯವರು. ಒಂದು ದಿನ ಸಂಬಳದ ಚೀಟಿ ತೋರಿಸಿ, "ಸರ್, ಈ ಪಿಎಫ್ ಅಂತ ಹಿಡಿತಾರಲ್ಲ, ಅದು ನನಗ ಬರ್ತದೇನ್ರಿ?" ಎಂದು ಕೇಳಿದರು. ಅವರ ಡೈರಿಯ ಹಿಂದಿನ ಪುಟದಲ್ಲಿ ಯುಎಎನ್ ಸಂಖ್ಯೆ ಬರೆದಿತ್ತು. ಮೆಟ್ಟಿಲ ಕೆಳಗಿನ ಕುರ್ಚಿಯಲ್ಲಿ ಕೂತು ಅವರದೇ ಫೋನಿನಲ್ಲಿ ಭವಿಷ್ಯನಿಧಿಯ ಪಾಸ್‌ಬುಕ್ ತೆರೆದೆವು. ಕಾರ್ಮಿಕನ ಪಾಲು ಒಂದು ಸಾಲು, ಮಾಲೀಕರ ಪಾಲು ಇನ್ನೊಂದು. ಅವರು ಬೆರಳಿಟ್ಟು ತಿಂಗಳು ತಿಂಗಳಾಗಿ ಓದಿದರು. ನಡುವೆ ಮೂರು ತಿಂಗಳು ಕಾಣಲಿಲ್ಲ. ಚೀಟಿಯಲ್ಲಿ ಹಿಡಿದಿತ್ತು, ಖಾತೆಗೆ ಬಿದ್ದಿರಲಿಲ್ಲ. ಮರುದಿನ ಅವರು ಗುತ್ತಿಗೆದಾರನ ಕಚೇರಿಗೆ ಹೋಗಿ ಆ ಪುಟವನ್ನೇ ತೋರಿಸಿದರು. ಎರಡು ತಿಂಗಳಲ್ಲಿ ಬಾಕಿ ಜಮೆಯಾಯಿತು. ದೂರು ಕೊಡುವ ಪ್ರಸಂಗವೇ ಬರಲಿಲ್ಲ, ನೋಡುವವರಿದ್ದಾರೆ ಎಂದು ತಿಳಿದದ್ದೇ ಸಾಕಾಯಿತು. ಆ ಅಣ್ಣನಿಗೆ ಯಾರೂ ಕೂಪನ್ ಕೊಟ್ಟಿರಲಿಲ್ಲ. ಅವರ ದುಡಿಮೆಯ ದುಡ್ಡು ಅವರಿಗೆ ಕಂಡಿತು, ಅಷ್ಟೇ. ಅಂತರ್ಜಾಲದ ದೊಡ್ಡ ಉಪಕಾರ ಇದು ಎಂದು ನನಗನಿಸುತ್ತದೆ: ನಮ್ಮದೇ ಆದದ್ದನ್ನು ನಮ್ಮ ಕಣ್ಣಿಗೆ ಕಾಣಿಸುವುದು.

ಅಮ್ಮನ ಟ್ರಂಕಿನ ತಳದಲ್ಲೂ ಅಂಥದ್ದೊಂದಿತ್ತು. ಅಪ್ಪ ವರ್ಗವಾಗಿ ಹೋದ ಊರುಗಳಲ್ಲೆಲ್ಲ ಒಂದೊಂದು ಉಳಿತಾಯ ಖಾತೆ ತೆರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಎಲ್ಲವನ್ನೂ ಮುಗಿಸಿದೆವು ಎಂದುಕೊಂಡಿದ್ದೆವು. ಒಂದು ಪಾಸ್‌ಬುಕ್ ಮಾತ್ರ ಹಳೆಯ ಜಾತಕದ ಕಟ್ಟಿನೊಳಗೆ ಸೇರಿಹೋಗಿತ್ತು. ಅದರ ಮೇಲಿನ ಹೆಸರಿನ ಬ್ಯಾಂಕು ಈಗ ಇಲ್ಲ. ಕರ್ನಾಟಕದವರ ಟ್ರಂಕುಗಳಲ್ಲಿ ಇಂಥ ಪಾಸ್‌ಬುಕ್ಕುಗಳು ಬಹಳ ಇರಬೇಕು. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ನಮ್ಮ ಮಣ್ಣಿನಲ್ಲಿ ಹುಟ್ಟಿದ ನಾಲ್ಕು ಬೋರ್ಡುಗಳು ಮೂರೇ ವರ್ಷದಲ್ಲಿ ಬೀದಿಯಿಂದ ಇಳಿದವು. ಬೋರ್ಡು ಇಳಿದರೂ ಠೇವಣಿ ಕರಗಲಿಲ್ಲ, ಸೇರಿಸಿಕೊಂಡ ಬ್ಯಾಂಕು ಅದಕ್ಕೆ ಹೊಣೆ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ, ಆದರೆ ಖಾತೆದಾರನ ಅಥವಾ ವಾರಸುದಾರರ ಹಕ್ಕು ಹೋಗುವುದಿಲ್ಲ.

ಇದನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಉದ್ಗಮ್ ಎಂಬ ತಾಣವನ್ನು ತೆರೆಯಿತು. 30 ಬ್ಯಾಂಕುಗಳ ವಾರಸುದಾರರಿಲ್ಲದ ಠೇವಣಿಗಳನ್ನು ಒಂದೇ ಕಡೆ ಹುಡುಕಬಹುದು. ಅಪ್ಪನ ಹೆಸರು, ಹುಟ್ಟಿದ ದಿನ ಹಾಕಿದೆವು. ಸಾಲು ಮೂಡಿತು. ಪರದೆಯ ಮೇಲೆ ಅಪ್ಪನ ಹೆಸರು ಕಂಡದ್ದೇ ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ದುಡ್ಡು ಪಡೆಯಲು ಬ್ಯಾಂಕಿನ ಶಾಖೆಗೇ ಹೋಗಬೇಕಾಯಿತು. ಮರಣ ಪ್ರಮಾಣಪತ್ರ, ಅಮ್ಮನ ಗುರುತಿನ ಚೀಟಿ, ವಾರಸುದಾರರ ಸಹಿ, ಮೂರು ಸಲದ ಓಡಾಟ. ಬಡ್ಡಿ ಸೇರಿ 11,640 ರೂಪಾಯಿ ಬಂತು.

ಅಮ್ಮ ಅದನ್ನು ಖರ್ಚು ಮಾಡಲು ಒಪ್ಪಲಿಲ್ಲ. ಮೊಮ್ಮಗಳ ಹೆಸರಿನಲ್ಲಿ ಪಿಗ್ಮಿ ಕಟ್ಟು ಎಂದಳು. ಈಗ ನಮ್ಮ ಬೀದಿಗೆ ಸೈಕಲ್ ಬರುವುದಿಲ್ಲ. ಸಂಬಳ ಬಂದ ಮರುದಿನವೇ ತಾನಾಗಿ ಕಡಿತವಾಗುವಂತೆ ಒಂದು ಆರ್‌ಡಿ ತೆರೆದೆ, ಬೇರೆ ಬ್ಯಾಂಕಿನಲ್ಲಿ. ಆ ಖಾತೆಗೆ ಯುಪಿಐ ಜೋಡಿಸಿಲ್ಲ, ಯಾವ ಅಂಗಡಿಯ ಆ್ಯಪಿಗೂ ಅದರ ಸಂಖ್ಯೆ ಕೊಟ್ಟಿಲ್ಲ. ಬೇಡದ ಚಂದಾಕ್ಕೆ ತಿಂಗಳು ತಿಂಗಳು ದುಡ್ಡು ಕಡಿಯುತ್ತಿದ್ದ ಅದೇ ಏರ್ಪಾಡು ಈಗ ನಮಗಾಗಿ ಕಡಿಯುತ್ತಿದೆ. ಅಮ್ಮ ಪ್ರತಿ ತಿಂಗಳೂ ಫೋನ್ ಮಾಡಿ, "ಪಿಗ್ಮಿಯೋರು ಬಂದಿದ್ರಾ?" ಎಂದು ಕೇಳುತ್ತಾಳೆ. ಬಂದಿದ್ದರು ಎಂದು ಹೇಳಿ ಮೊತ್ತವನ್ನು ಓದುತ್ತೇನೆ.

ನಿಮ್ಮ ಮನೆಯಲ್ಲೂ ಹಿರಿಯರ ಒಂದು ಟ್ರಂಕು, ಒಂದು ಹಳೆಯ ಕಾಗದದ ಕಟ್ಟು ಇರಬಹುದು. ಈ ಭಾನುವಾರ ಅವರ ಪಕ್ಕದಲ್ಲಿ ಕೂತು ಅದನ್ನು ಬಿಚ್ಚಿ ನೋಡಿ. ಉದ್ಗಮ್‌ನಲ್ಲಿ ಹುಡುಕಲು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ನಿಮ್ಮ ಹಳೆಯ ಠೇವಣಿ ಬಿಡಿಸಿಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿ ಶುಲ್ಕವನ್ನೋ ಓಟಿಪಿಯನ್ನೋ ಕೇಳಿದರೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.