ಪರಿಹಾರವು ದಾನವೇ, ಋಣವೇ?

ಅನ್ಯರ ಪ್ರಮಾದದಿಂದ ಹಾನಿಗೊಂಡವನಿಗೆ ಕೊಡುವ ಹಣವನ್ನು ಯಾವ ಖಾತೆಗೆ ಬರೆಯಬೇಕು? ದಾನದ ಖಾತೆಗೋ, ಸಾಲ ತೀರಿಕೆಯ ಖಾತೆಗೋ? ಮೊತ್ತವು ಒಂದೇ ಆಗಿದ್ದರೂ ಪಡೆಯುವವನ ಮಾನವು ಇದರಿಂದ ಬೇರೆಯಾಗುತ್ತದೆ. ಬ್ರಿಟನ್ನಿನ ಕಲುಷಿತ ರಕ್ತದ ಪ್ರಕರಣವು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಹಿಮೋಫಿಲಿಯಾ ವ್ಯಾಧಿಯುಳ್ಳವರ ರಕ್ತವು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. 1970ರ ದಶಕದಲ್ಲಿ ಅವರಿಗೆ ಫ್ಯಾಕ್ಟರ್ ಎಂಟು ಎಂಬ ಔಷಧವನ್ನು ಕೊಡತೊಡಗಿದರು. ಸಹಸ್ರಾರು ಜನರ ಪ್ಲಾಸ್ಮಾವನ್ನು ಒಟ್ಟಿಗೆ ಬೆರೆಸಿ ಅದನ್ನು ತಯಾರಿಸುತ್ತಿದ್ದುದರಿಂದ ಒಬ್ಬನ ಸೋಂಕು ಇಡೀ ರಾಶಿಗೆ ತಗಲುತ್ತಿತ್ತು. ಅಮೆರಿಕದಿಂದ ಆಮದಾದ ಔಷಧಕ್ಕೆ ಹಣ ಪಡೆದು ಪ್ಲಾಸ್ಮಾ ಕೊಟ್ಟವರಲ್ಲಿ ಸೆರೆಮನೆಯ ಬಂದಿಗಳೂ ಇದ್ದರು. ಹೆರಿಗೆ, ಶಸ್ತ್ರಚಿಕಿತ್ಸೆಗಳಲ್ಲಿ ರಕ್ತ ಪಡೆದವರೂ ಸೇರಿ 30,000ಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಅಥವಾ ಹೆಪಟೈಟಿಸ್ ಸೋಂಕು ತಗಲಿತು. ಸುಮಾರು 3,000 ಮಂದಿ ಮೃತರಾದರು. ಟ್ರೆಲೋರ್ ಎಂಬ ವಸತಿಶಾಲೆಯಲ್ಲಿ 1970ರಿಂದ 1987ರವರೆಗೆ ಓದಿದ ಇಂತಹ 122 ವಿದ್ಯಾರ್ಥಿಗಳಲ್ಲಿ 2024ರ ವೇಳೆಗೆ ಉಳಿದವರು ಸುಮಾರು 30 ಮಂದಿ ಮಾತ್ರ.

ಸರ್ಕಾರವು 1988ರಲ್ಲಿ 1 ಕೋಟಿ ಪೌಂಡ್ ಕೊಟ್ಟು ಮ್ಯಾಕ್‌ಫರ್ಲೇನ್ ಟ್ರಸ್ಟನ್ನು ಸ್ಥಾಪಿಸಿತು. ಅದು ಧರ್ಮಾರ್ಥ ಸಂಸ್ಥೆ. ಎಚ್‌ಐವಿ ತಗಲಿದ ರೋಗಿಯು ತನ್ನ ಅಗತ್ಯವನ್ನು ನಿವೇದಿಸಿ ನೆರವು ಬೇಡಬೇಕಾಗಿತ್ತು. ಸಾಲ ಕೊಟ್ಟವನು ತನ್ನ ಬಡತನವನ್ನು ರುಜುವಾತುಪಡಿಸಿದರೆ ಮಾತ್ರ ಬಾಕಿ ತೀರಿಸುವೆನೆಂದು ಯಾವ ಅಂಗಡಿಯಾದರೂ ಹೇಳಿದ್ದುಂಟೇ? 1991ರ ಒಪ್ಪಂದದಲ್ಲಿ ಇನ್ನೂ ಘೋರವಾದ ಷರತ್ತೊಂದಿತ್ತು: ಹಣ ಪಡೆದವರು ಹೆಪಟೈಟಿಸ್ ವಿಷಯದಲ್ಲಿಯೂ ಮುಂದೆ ದಾವೆ ಹೂಡುವುದಿಲ್ಲವೆಂದು ಸಹಿ ಮಾಡಬೇಕಾಯಿತು. ಆ ಸೋಂಕು ತಮ್ಮ ದೇಹದಲ್ಲಿರುವುದನ್ನು ಅರಿಯದೆಯೇ ಸಹಿ ಮಾಡಿದವರಿದ್ದರು. ಹೆಪಟೈಟಿಸ್ ಸಿ ಪೀಡಿತರಿಗೆಂದು ಸ್ಕಿಪ್ಟನ್ ನಿಧಿ ಬಂದುದು 2004ರಲ್ಲಿ.

ಅಂದಿನ ಅಧಿಕಾರಿಗಳ ತಪ್ಪಿಗೆ ಇಂದಿನ ತೆರಿಗೆದಾರನೇಕೆ ತೆರಬೇಕೆಂಬ ಆಕ್ಷೇಪವು ಸಹಜವೇ. ಆದರೆ ತಂದೆಯ ವ್ಯಾಪಾರವನ್ನು ವಹಿಸಿಕೊಂಡ ಮಗನು ಸರಕನ್ನು ಇಟ್ಟುಕೊಂಡು ಬಾಕಿಯನ್ನು ಮಾತ್ರ ನಿರಾಕರಿಸಲಾಗದು. ಸರ್ಕಾರವೂ ಅಂತಹ ಸಂತತವಾದ ಮನೆತನವೇ ಆಗಿದೆ. ರೋಗವೆಂಬುದು ದೈವಾಧೀನ, ಎಲ್ಲ ರೋಗಿಗಳಿಗೂ ಸರ್ಕಾರ ಪರಿಹಾರ ಕೊಡಬಲ್ಲದೇ ಎಂಬುದು ಮತ್ತೊಂದು ವಾದ. ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ಅವರ 2024ರ ಮೇ ತಿಂಗಳ ವಿಚಾರಣಾ ವರದಿಯು ಇದಕ್ಕೆ ಉತ್ತರವಾಗಿದೆ. ಇದು ಆಕಸ್ಮಿಕವಲ್ಲ, ಅಪಾಯದ ಅರಿವಿದ್ದೂ ರೋಗಿಯ ಸುರಕ್ಷತೆಗೆ ಪ್ರಾಶಸ್ತ್ಯ ಕೊಡಲಿಲ್ಲ, ಸತ್ಯವನ್ನು ಮರೆಮಾಡಲಾಯಿತು ಎಂಬುದೇ ಅದರ ನಿರ್ಣಯ. ಕೆಲವು ದಾಖಲೆಗಳನ್ನು ಉದ್ದೇಶಪೂರ್ವಕವಾಗಿಯೇ ನಾಶಪಡಿಸಿದ್ದರು. ಲೆಕ್ಕದ ಪುಸ್ತಕವನ್ನು ಸುಟ್ಟವನ ಸಾಲ ಮನ್ನಾ ಆಗುವುದಿಲ್ಲ.

ತರುವಾಯ ಪರಿಹಾರ ಪ್ರಾಧಿಕಾರವೊಂದು ರಚಿತವಾಯಿತು. 2024ರ ಅಕ್ಟೋಬರ್ ಆಯವ್ಯಯದಲ್ಲಿ 1,180 ಕೋಟಿ ಪೌಂಡ್ ಮೀಸಲಿಡಲಾಯಿತು. ದಾನವು ಋಣವೆಂದು ಒಪ್ಪಿತವಾದಂತೆ ಕಂಡಿತು. ಆದರೂ ಪೀಡಿತರು ತಾವಾಗಿ ಅರ್ಜಿ ಹಾಕುವಂತಿರಲಿಲ್ಲ, ಪ್ರಾಧಿಕಾರದ ಕರೆಗಾಗಿ ಕಾಯಬೇಕಾಗಿತ್ತು. ಈ ಕ್ರಮವನ್ನೂ ವಿಳಂಬವನ್ನೂ ಲ್ಯಾಂಗ್‌ಸ್ಟಾಫ್ ಅವರು 2025ರ ಜುಲೈ ವರದಿಯಲ್ಲಿ ಮತ್ತೆ ಖಂಡಿಸಬೇಕಾಯಿತು.