ಪ್ರತಿನಿಧಿಯ ಧರ್ಮ

ಮನೆಯಲ್ಲಿರುವ ವಸ್ತುಗಳಲ್ಲಿ ಕೆಲವು ಕಣ್ಣಿಗೆ ಬೀಳುವಂಥವು, ಕೆಲವು ಬೀಳದಂಥವು. ಕಬ್ಬಿಣದ ಬೀರು ಮೊದಲನೆಯ ವರ್ಗಕ್ಕೆ ಸೇರಿದುದು. ಅದರೊಳಗಿನ ಹಲಗೆಗಳನ್ನು ಹೊತ್ತಿರುವ ಚಿಕ್ಕ ಕೊಕ್ಕೆಗಳು ಎರಡನೆಯದಕ್ಕೆ ಸೇರಿದುವು. ಬೀರುವನ್ನು ಕೊಂಡುತಂದ ದಿನವನ್ನು ಮನೆಮಂದಿಯೆಲ್ಲ ನೆನೆಯುತ್ತಾರೆ. ಕೊಕ್ಕೆಯನ್ನು ನೆನೆಯುವುದು ಅದು ಕಳೆದುಹೋದ ದಿನ ಮಾತ್ರ. ಕಳೆದುಹೋದುದರ ಸ್ಥಾನದಲ್ಲಿ ಮತ್ತೊಂದನ್ನು ಇಡಬೇಕಾದಾಗ ಮನುಷ್ಯನು ಯಾವ ನಿಯಮಕ್ಕೆ ಬದ್ಧನಾಗಿರಬೇಕು ಎಂಬ ಪ್ರಶ್ನೆಯನ್ನು ಇಷ್ಟು ಅಲ್ಪವಾದ ವಸ್ತುವಿನ ಮೂಲಕವೇ ವಿಚಾರಿಸಿ ನೋಡಬಹುದು.

ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಹಿರಿಯರು ಬಹಳ ಹಿಂದೆ ಕೊಂಡ ಬೀರು. ಅವರ ಲೆಕ್ಕದ ಪುಸ್ತಕಗಳು, ಕಾಗದಪತ್ರಗಳು, ಓದಿದ ಗ್ರಂಥಗಳು ಅದರಲ್ಲಿವೆ. ಅವರು ತೀರಿಕೊಂಡ ಮೇಲೆ ಮಕ್ಕಳು ಬೇರೆ ಮನೆಗೆ ಬಂದರು. ಸಾಗಿಸುವಾಗ ಭಾರ ಕಡಿಮೆಯಾಗಲೆಂದು ಹಲಗೆಗಳನ್ನು ಕಳಚಿದರು. ಮೂರು ಹಲಗೆಗಳಿಗೆ ನಾಲ್ಕು ನಾಲ್ಕರಂತೆ 12 ಕೊಕ್ಕೆಗಳು. ಹೊಸ ಮನೆಯಲ್ಲಿ ಪೊಟ್ಟಣವನ್ನು ಬಿಚ್ಚಿದಾಗ 11 ಮಾತ್ರ ಇದ್ದುವು. ಕಿರಿಯನು, “ಹನ್ನೊಂದಿರುವಾಗ ಒಂದರ ಮಾತೇಕೆ? ಮೂರು ಮೂಲೆಗಳಲ್ಲಿ ನಿಲ್ಲುವುದು” ಎಂದನು. ಹಿರಿಯನು, “ಈ ಹಳೆಯ ಡಬ್ಬ ಇನ್ನೇಕೆ? ಗುಜರಿಗೆ ಕೊಟ್ಟುಬಿಡೋಣ” ಎಂದನು. ಅವರ ತಾಯಿಯು, “ಇಬ್ಬರೂ ಅವಸರ ಮಾಡಬೇಡಿರಪ್ಪ, ಹೋದದ್ದು ಒಂದು ಕೊಕ್ಕೆ ತಾನೆ, ಅಂಥದೊಂದನ್ನು ಮಾಡಿಸಿ” ಎಂದರು. ಈ ಮೂರು ಮಾತುಗಳಲ್ಲಿ ಮೂರು ಬಗೆಯ ನೀತಿ ಅಡಗಿದೆ.

ಮೊದಲು ಕಿರಿಯನ ಮಾತನ್ನು ನೋಡೋಣ. ಅದು ಲೆಕ್ಕಕ್ಕೆ ನಿಲ್ಲತಕ್ಕದ್ದಲ್ಲ. ಒತ್ತಾಗಿ ನಿಲ್ಲಿಸಿದ ಪುಸ್ತಕಗಳು ಒಂದು ಅಡಿ ಉದ್ದಕ್ಕೆ ಸುಮಾರು 10 ಕಿಲೋಗ್ರಾಂ ತೂಗುತ್ತವೆ. ಮೂರಡಿ ಹಲಗೆಯ ಮೇಲೆ 30 ಕಿಲೋಗ್ರಾಂ ಎಂದಾಯಿತು. ನಾಲ್ಕು ಕೊಕ್ಕೆಗಳಿದ್ದರೆ ಒಂದೊಂದಕ್ಕೆ ಏಳೂವರೆ ಕಿಲೋಗ್ರಾಂ ಬರುವುದು. ಒಂದು ಮೂಲೆಯ ಕೊಕ್ಕೆ ಇಲ್ಲದೆಹೋದರೆ ಉಳಿದ ಮೂರೂ ಹತ್ತು ಹತ್ತರಂತೆ ಹೊರುವುವೆಂದು ಯಾರಿಗಾದರೂ ತೋರುವುದು ಸಹಜ. ವಾಸ್ತವವಾಗಿ ಹಾಗಾಗುವುದಿಲ್ಲ. ಸಮವಾಗಿ ಹರಡಿದ ಭಾರದ ಕೇಂದ್ರವು ಹಲಗೆಯ ನಡುಮಧ್ಯದಲ್ಲಿರುವುದು. ಆ ಮಧ್ಯಬಿಂದುವು ಎದುರುಬದುರಿನ ಎರಡು ಮೂಲೆಗಳನ್ನು ಕೂಡಿಸುವ ಕರ್ಣರೇಖೆಯ ಮೇಲಿದೆ. ಆದುದರಿಂದ ಬರಿದಾದ ಮೂಲೆಯ ಅಕ್ಕಪಕ್ಕದ ಎರಡು ಕೊಕ್ಕೆಗಳೇ ಹದಿನೈದು ಹದಿನೈದರಂತೆ ಇಡೀ ಭಾರವನ್ನು ಹೊರುತ್ತವೆ. ಮೂರನೆಯದು ಹೆಸರಿಗೆ ಮಾತ್ರ ಇರುವುದು. ಬರಿದಾದ ಮೂಲೆಯ ಕಡೆ ಇನ್ನೊಂದು ಪುಸ್ತಕವನ್ನಿಟ್ಟರೆ ಹಲಗೆಯು ಮಗುಚಿಕೊಳ್ಳುವುದು. ಸಂಸಾರದಲ್ಲಿಯೂ ಒಬ್ಬನು ತನ್ನ ಕರ್ತವ್ಯದಿಂದ ಜಾರಿದಾಗ ಅವನ ಭಾರವು ಉಳಿದವರೆಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಅವನಿಗೆ ಅತಿ ಸಮೀಪದಲ್ಲಿರುವವರ ಮೇಲೆಯೇ ಬೀಳುತ್ತದೆ.

ಹಿರಿಯನ ಮಾತು ನೋಡುವುದಕ್ಕೆ ಹೆಚ್ಚು ವಿವೇಕವುಳ್ಳದ್ದು. ಉಪಯೋಗ ತೀರಿದ ವಸ್ತುವನ್ನು ಬಿಡುವುದರಲ್ಲಿ ದೋಷವಿಲ್ಲ. ಹಳತೆಂಬ ಕಾರಣದಿಂದಲೇ ಒಂದು ವಸ್ತು ಪೂಜ್ಯವಾಗುವುದೂ ಇಲ್ಲ. ಆದರೆ ಇಲ್ಲಿ ಉಪಯೋಗ ತೀರಿಲ್ಲ. ಹನ್ನೆರಡರಲ್ಲಿ ಒಂದು ಹೋದುದಕ್ಕಾಗಿ ಹನ್ನೊಂದನ್ನೂ ಬೀರುವನ್ನೂ ಬಿಡುವುದು, ಒಂದು ಪದ ಮರೆತುಹೋಯಿತೆಂದು ಹಾಡನ್ನೇ ನಿಲ್ಲಿಸಿದಂತೆ. ಇಂಥಲ್ಲಿ ತ್ಯಾಗವೆಂದು ತೋರುವುದು ಅನೇಕ ವೇಳೆ ಆಲಸ್ಯವೇ ಆಗಿರುವುದು.

ಉಳಿದುದು ತಾಯಿಯ ಮಾತು. ಹೋದುದರ ಸ್ಥಾನದಲ್ಲಿ ಮತ್ತೊಂದನ್ನು ಇಡುವುದು ಸರಿ, ಎಂಥದನ್ನು ಇಡಬೇಕು? ಈ ಪ್ರಶ್ನೆಯನ್ನು ನಮ್ಮ ದೇಶದ ಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿಯೂ ಅದಕ್ಕೆ ಶಬರಸ್ವಾಮಿಯು ಬರೆದ ಭಾಷ್ಯದಲ್ಲಿಯೂ ಪ್ರತಿನಿಧಿಯ ವಿಚಾರವು ಬರುತ್ತದೆ. ಯಾಗಕ್ಕೆ ವಿಧಿಸಿದ ವ್ರೀಹಿಯು ದೊರೆಯದೆ ಅಥವಾ ನಷ್ಟವಾಗಿ ಹೋದರೆ ಮಾಡತಕ್ಕದ್ದೇನು? ಕರ್ಮವನ್ನು ಬಿಡಕೂಡದು, ವ್ರೀಹಿಗೆ ಸದೃಶವಾದ ನೀವಾರವನ್ನು, ಎಂದರೆ ಕಾಡುಬತ್ತವನ್ನು, ತೆಗೆದುಕೊಳ್ಳಬೇಕು. ಸಾದೃಶ್ಯವು ಹೆಸರಿನದಲ್ಲ, ಬಣ್ಣದ್ದಲ್ಲ. ವ್ರೀಹಿಯಲ್ಲಿರುವ ಅವಯವಗಳು ನೀವಾರದಲ್ಲಿಯೂ ಇರುವುದರಿಂದ ಅದು ಗ್ರಾಹ್ಯ. ನಿಷಿದ್ಧವಾದ ಧಾನ್ಯವು ಎಷ್ಟೇ ಹೋಲಿದರೂ ಪ್ರತಿನಿಧಿಯಾಗಲಾರದು. ಇವೆಲ್ಲಕ್ಕಿಂತ ಗಮನಾರ್ಹವಾದ ನಿಯಮ ಇನ್ನೊಂದುಂಟು: ಪ್ರತಿನಿಧಿಯಾಗಿ ತಂದ ದ್ರವ್ಯವೂ ನಷ್ಟವಾದರೆ, ಮತ್ತೆ ತರುವುದು ಮೊದಲಿನ ಮುಖ್ಯದ್ರವ್ಯಕ್ಕೆ ಸದೃಶವಾಗಿರಬೇಕಲ್ಲದೆ, ನಷ್ಟವಾದ ಪ್ರತಿನಿಧಿಗೆ ಸದೃಶವಾಗಿರತಕ್ಕದ್ದಲ್ಲ.

ಯಾಗಶಾಲೆಯ ನಿಯಮಕ್ಕೂ ಕಮ್ಮಾರನ ಅಂಗಡಿಗೂ ಏನು ಸಂಬಂಧವೆಂದು ಕೇಳಬಹುದು. ಕೊಕ್ಕೆಯ ಕೆಲಸವನ್ನು ನೋಡಿದರೆ ಸಂಬಂಧವು ತಿಳಿಯುತ್ತದೆ. ಬೀರುವಿನ ಒಳಗಂಬದಲ್ಲಿ ಸೀಳುಗಳಿರುತ್ತವೆ. ಕೊಕ್ಕೆಯ ನಾಲಗೆಯು ಸೀಳಿನೊಳಗೆ ಹೊಕ್ಕು ಹಿಂದೆ ಸಿಕ್ಕಿಕೊಳ್ಳುವುದು. ಅದರ ಚಾಚಿದ ಭಾಗದ ಮೇಲೆ ಹಲಗೆಯು ಕೂರುವುದು. ಕೆಳಗಿನ ಹಿಮ್ಮಡಿಯು ಕಂಬಕ್ಕೆ ಒತ್ತಿಕೊಳ್ಳುವುದು. ಮೇಲೆ ಭಾರವು ಬಿದ್ದಷ್ಟೂ ಹಿಮ್ಮಡಿ ಒತ್ತುವುದು, ನಾಲಗೆ ಬಿಗಿಯುವುದು. ಎಂದರೆ ಹೊರೆಯೇ ಹಿಡಿತವನ್ನು ಕೊಡುತ್ತದೆ. ಆ ಸೀಳಿಗೆ ಒಂದು ಮೊಳೆಯನ್ನು ತೂರಿಸಿದರೆ ಅದೂ ಕೆಲವು ದಿನ ಹಲಗೆಯನ್ನು ಹೊರುವುದು. ಆದರೆ ಅದಕ್ಕೆ ಹಿಮ್ಮಡಿಯಿಲ್ಲ. ಭಾರಕ್ಕೆ ಬಾಗಿ ತೆಳುವಾದ ತಗಡನ್ನು ಅಗಲಿಸುತ್ತ ಬರುವುದು. ಕೊನೆಗೆ ನಿಜವಾದ ಕೊಕ್ಕೆ ಸಿಕ್ಕಿದರೂ ಅದಕ್ಕೆ ಅಲ್ಲಿ ಎಡೆಯಿಲ್ಲದಂತೆ ಮಾಡುವುದು. ಮುಖ್ಯವು ಮರಳಿ ಬರುವ ದಾರಿಯನ್ನೇ ಕೆಡಿಸುವುದು ನಿಷಿದ್ಧ ಪ್ರತಿನಿಧಿಯ ಲಕ್ಷಣ.

ಉತ್ತಮವಾದ ಲೋಹದಿಂದ ಮಾಡಿಸಿದರೆ ಒಳ್ಳೆಯದಲ್ಲವೆ ಎಂಬುದು ಮತ್ತೊಂದು ಶಂಕೆ. ಹಿತ್ತಾಳೆಯು ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ; ಬೆಲೆಯೂ ಹೆಚ್ಚು. ಆದರೆ ಹಿತ್ತಾಳೆಯು ಕಬ್ಬಿಣಕ್ಕೆ ತಗುಲಿರುವೆಡೆಯಲ್ಲಿ ತೇವವು ಸೇರಿದರೆ ಅವೆರಡರ ನಡುವೆ ವಿದ್ಯುತ್ಪ್ರವಾಹವು ಹುಟ್ಟಿ ಕಬ್ಬಿಣವು ಬೇಗ ಸವೆಯುವುದು. ತಾನು ಹೊಳೆಯುತ್ತಿದ್ದು ಆಶ್ರಯಕೊಟ್ಟ ಕಂಬವನ್ನು ತಿನ್ನುವ ಪ್ರತಿನಿಧಿ ಅದು. ಶ್ರೇಷ್ಠತೆ ಬೇರೆ, ಯೋಗ್ಯತೆ ಬೇರೆ. ಬದಲಿಗೆ ಬಂದವನು ಮೊದಲಿನವನಿಗಿಂತ ದೊಡ್ಡವನಾಗಿರಬೇಕಾದುದಿಲ್ಲ. ಆ ಸ್ಥಾನಕ್ಕೆ ಹೊಂದಿರಬೇಕು.

ಮಾಡಿಸುವ ಬದಲು ಹುಡುಕಿ ತರಬಾರದೆ? ತರಬಹುದು. ಯಂತ್ರಯುಗದ ಒಂದು ದೊಡ್ಡ ಉಪಕಾರವೇ ಅದು. 1785ರಲ್ಲಿ ಹೊನೊರೆ ಬ್ಲಾನ್ ಎಂಬ ಫ್ರೆಂಚ್ ಕುಶಲಿಯು ಬಂದೂಕಿನ ಯಂತ್ರದ ಭಾಗಗಳನ್ನು ಬೆರಸಿ ಇಟ್ಟು, ಕೈಗೆ ಸಿಕ್ಕಿದುದನ್ನು ತೆಗೆದು ಜೋಡಿಸಿದರೂ ಹೊಂದುವುದೆಂಬುದನ್ನು ಜೆಫರ್‌ಸನ್ನನಿಗೆ ತೋರಿಸಿದನು. 1841ರಲ್ಲಿ ಇಂಗ್ಲೆಂಡಿನ ವಿಟ್‌ವರ್ತನು ತಿರುಪುಗಳಿಗೆಲ್ಲ ಒಂದೇ ಅಳತೆಯ ಕ್ರಮವಿರಬೇಕೆಂದು ಸೂಚಿಸಿದನು. ಅಳತೆ ಒಂದಾಗಿರುವವರೆಗೆ ಒಂದರ ಸ್ಥಾನವನ್ನು ಮತ್ತೊಂದು ಸುಲಭವಾಗಿ ತುಂಬುವುದು. ಆದರೆ ಅಳತೆಗಳೂ ಬದಲಾಗುತ್ತವೆ. ಭಾರತದಲ್ಲಿ 1956ರ ಕಾಯಿದೆಯಿಂದ ಮೆಟ್ರಿಕ್ ಮಾನವು ಬಂದಿತು. ಅದಕ್ಕೆ ಹಿಂದಿನ ಬೀರುಗಳು ಅಂಗುಲದ ಲೆಕ್ಕದವು. ಒಂದು ಅಂಗುಲಕ್ಕೆ 25.4 ಮಿಲಿಮೀಟರು. ಒಂದು ಅಂಗುಲ ಅಂತರದ ಎರಡು ಸೀಳುಗಳಿಗೆ 25 ಮಿಲಿಮೀಟರು ಅಂತರದ ಎರಡು ನಾಲಗೆಯ ಕೊಕ್ಕೆಯನ್ನು ತಂದರೆ, ವ್ಯತ್ಯಾಸವು ಅರ್ಧ ಮಿಲಿಮೀಟರೂ ಇಲ್ಲ. ಸ್ವಲ್ಪ ಬಡಿದರೆ ಒಳಕ್ಕೆ ಹೋಗುವುದು. ಹೋದರೂ ಭಾರವನ್ನು ಒಂದು ನಾಲಗೆಯೇ ಹೊರುವುದು. ಇನ್ನೊಂದು ಹೊತ್ತಂತೆ ನಟಿಸುವುದು. ಅಂಗಡಿಯಲ್ಲಿ ಸಿಕ್ಕಿತೆಂಬುದು ಹೊಂದಿತೆಂಬುದಕ್ಕೆ ಪ್ರಮಾಣವಲ್ಲ.

ಆ ಮನೆಯವರು ಉಳಿದ ಕೊಕ್ಕೆಗಳಲ್ಲಿ ಒಂದನ್ನು ಮಾದರಿಯಾಗಿ ಕಮ್ಮಾರನಿಗೆ ಕೊಡುತ್ತಾರೆನ್ನೋಣ. ಅವನು ಅಷ್ಟೇ ದಪ್ಪದ ಮೆದು ಉಕ್ಕಿನ ಪಟ್ಟಿಯನ್ನು ಕತ್ತರಿಸಿ, ಬಿರುಕು ಬಿಡದಂತೆ ಮೂಲೆಯನ್ನು ಸ್ವಲ್ಪ ದುಂಡಾಗಿಯೇ ಬಗ್ಗಿಸಿ, ಅಂಚುಗಳನ್ನು ಅರದಿಂದ ಉಜ್ಜಿ, ಕೊನೆಗೆ ಬಣ್ಣ ಹಚ್ಚುವನು. ಮೊದಲೇ ಬಣ್ಣ ಹಚ್ಚಿ ಆಮೇಲೆ ಬಗ್ಗಿಸಿದರೆ ಬಗ್ಗಿದೆಡೆಯಲ್ಲಿ ಬಣ್ಣ ಸೀಳಿ ತುಕ್ಕಿಗೆ ದಾರಿಯಾಗುವುದು. ಇನ್ನೊಂದು ದಿನ ಮತ್ತೊಂದು ಕೊಕ್ಕೆ ಹೋಯಿತೆನ್ನೋಣ. ಆಗಲೂ ಮಾದರಿಯಾಗಿ ಕೊಡತಕ್ಕದ್ದು ಹಳೆಯ ಹತ್ತರಲ್ಲಿ ಒಂದನ್ನೇ ಹೊರತು ಹೊಸದನ್ನಲ್ಲ. ಮೊದಲ ಪ್ರತಿಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ಪ್ರತಿಯ ಪ್ರತಿಯಲ್ಲಿ ಅದು ಎರಡೆಳೆಯಾಗಬಹುದು. ಮೀಮಾಂಸಕರ ನಿಯಮವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆಚಾರಗಳಲ್ಲಿಯೂ ಹೀಗೆಯೇ: ತಂದೆಯ ಸದ್ಗುಣವನ್ನು ಕಲಿಯಬೇಕಾದ ಮೊಮ್ಮಗನು, ಮಗನು ಅನುಕೂಲಕ್ಕೆಂದು ಮಾಡಿಕೊಂಡ ಸಡಿಲಿಕೆಯನ್ನೇ ಕುಲಧರ್ಮವೆಂದು ಕಲಿಯುತ್ತಾನೆ.

ಒಂದು ಕೊಕ್ಕೆಗೆ ಇಷ್ಟು ಶ್ರಮವೆ? ಕೆಳಗೆ ಎರಡು ಇಟ್ಟಿಗೆಯಿಟ್ಟರೆ ಸಾಲದೆ? ತಾತ್ಕಾಲಿಕವಾಗಿ ಸಾಕು, ಇಟ್ಟಿಗೆಯು ತಾನು ಇಟ್ಟಿಗೆಯೆಂಬುದನ್ನು ಮರೆಮಾಚುವುದಿಲ್ಲ. ಅದನ್ನು ಕಂಡವರು ಎಚ್ಚರದಿಂದಿರುತ್ತಾರೆ. ದೋಷವಿರುವುದು ಬಣ್ಣ ಹಚ್ಚಿದ ದುರ್ಬಲವಾದ ಕೊಕ್ಕೆಯಲ್ಲಿ. ಅದು ನೋಡುವುದಕ್ಕೆ ಉಳಿದ ಹನ್ನೊಂದರಂತೆಯೇ ಇರುವುದು. ಮನೆಯ ಮಗುವು ಅಜ್ಜನ ಪುಸ್ತಕಕ್ಕಾಗಿ ಕೈಚಾಚಿ ಹಲಗೆಯ ಅಂಚನ್ನು ಹಿಡಿಯುವುದು. ಹಿಡಿಯುವ ಮೊದಲು ಕೊಕ್ಕೆಗಳನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸದೆ ನಂಬುವವರು ಇರುವುದರಿಂದಲೇ ಕಾಣದ ಕೆಲಸವನ್ನು ಸರಿಯಾಗಿ ಮಾಡಬೇಕೆಂಬ ಧರ್ಮವು ಹುಟ್ಟುತ್ತದೆ.

ಮೀಮಾಂಸಕರು ಕೆಲವಕ್ಕೆ ಪ್ರತಿನಿಧಿಯೇ ಇಲ್ಲವೆಂದೂ ಹೇಳಿದ್ದಾರೆ. ದೇವತೆಗಿಲ್ಲ, ಅಗ್ನಿಗಿಲ್ಲ, ಮಂತ್ರಕ್ಕಿಲ್ಲ; ಕರ್ಮವನ್ನು ಮಾಡಿ ಫಲಕ್ಕೆ ಭಾಗಿಯಾಗುವ ಯಜಮಾನನಿಗೂ ಇಲ್ಲ. ದ್ರವ್ಯವು ಬದಲಾಗಬಹುದು, ಮಾಡುವ ಹೊಣೆಯನ್ನು ಬದಲಿಸಲಾಗದು. ಆ ಮನೆಯ ಹಿರಿಯರ ಸ್ಥಾನವನ್ನು ಮಕ್ಕಳಲ್ಲಿ ಯಾರೂ ತುಂಬಲಾರರು; ತುಂಬಬೇಕೆಂದು ಅವರಿಂದ ಯಾರೂ ಬಯಸುವುದೂ ಇಲ್ಲ. ಅವರು ಬಿಟ್ಟುಹೋದುದನ್ನು ನೆಲಕ್ಕೆ ಬೀಳದಂತೆ ಹೊತ್ತಿರುವುದು ಮಾತ್ರ ಮಕ್ಕಳ ಕೈಯಲ್ಲಿದೆ. ಕಮ್ಮಾರನಲ್ಲಿಗೆ ಹೋಗಿಬರುವ ಒಂದು ಸಂಜೆಯು ಅದಕ್ಕೆ ಹೆಚ್ಚಿನ ಬೆಲೆಯಲ್ಲ.